ಸೆಲ್ಯುಲೈಟ್

ಸೆಲ್ಯುಲೈಟ್ ಎಂಬುದು ಚರ್ಮದಡಿಯ ಕೊಬ್ಬು ಮೇಲಕ್ಕೆ ಒತ್ತಿ, ಅದರ ನಡುವೆ ಹಾಯುವ ನಾರುಪಟ್ಟಿಗಳು ಚರ್ಮವನ್ನು ಕೆಳಕ್ಕೆ ಜಗ್ಗಿ ಹಿಡಿಯುವುದರಿಂದ ಮೈಮೇಲೆ ಕಾಣುವ ಉಬ್ಬುತಗ್ಗುಗಳ ಹೆಸರು. ತೊಡೆಯ ಹಿಂಭಾಗ, ಪಿರ್ರೆ ಮತ್ತು ಸೊಂಟದ ಇಕ್ಕೆಲಗಳಲ್ಲಿ ಇದು ಹೆಚ್ಚು. ಹೊಟ್ಟೆಯ ಮೇಲೆ, ರಟ್ಟೆಯ ಮೇಲ್ಭಾಗದಲ್ಲಿ ಕಡಿಮೆ. ಮೈನೆರೆದ ನಂತರದ ಹೆಂಗಸರಲ್ಲಿ ಶೇ 80ರಿಂದ 90ರಷ್ಟು ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಇದು ಇರುತ್ತದೆ ಎಂಬುದು ಚರ್ಮವೈದ್ಯರ ಅಂದಾಜು. ಗಂಡಸರಲ್ಲಿ ಅಪರೂಪ.

ಇದರಲ್ಲಿ ನೋವಿಲ್ಲ, ತುರಿಕೆಯಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಮುಂದೆ ಬೇರೊಂದು ಕಾಯಿಲೆಗೆ ತಿರುಗುವುದೂ ಇಲ್ಲ. ಆದ್ದರಿಂದ ಇದನ್ನು ರೋಗಗಳ ಸಾಲಿಗೆ ಸೇರಿಸದೆ, ಹೆಣ್ಣಿನ ದೇಹರಚನೆಯ ಸಾಮಾನ್ಯ ಲಕ್ಷಣ ಎಂದೇ ಇಂದಿನ ವೈದ್ಯಶಾಸ್ತ್ರ ಪರಿಗಣಿಸುತ್ತದೆ.

ಪರಿಕಲ್ಪನೆಯ ಹುಟ್ಟು

ಈ ಹೆಸರು ಫ್ರಾನ್ಸಿನದು. 1873ರ ಹೊತ್ತಿಗೆ ಫ್ರೆಂಚ್ ವೈದ್ಯಕೀಯ ನಿಘಂಟಿನಲ್ಲಿ ಅದು ಕಾಣಿಸಿಕೊಂಡಿತ್ತಾದರೂ ಅಲ್ಲಿ ಅದರ ಅರ್ಥ ಚರ್ಮದಡಿಯ ಅಂಗಾಂಶದ ಉರಿಯೂತ ಎಂದಷ್ಟೇ. ತೊಡೆಯ ಉಬ್ಬುತಗ್ಗುಗಳಿಗೆ ಅದನ್ನು ಬಳಸಿದವರು 1920ರ ದಶಕದ ಫ್ರೆಂಚ್ ವೈದ್ಯರಾದ ಆಲ್ಕಿಯೆ ಮತ್ತು ಪಾವೊ. ಅವರೂ ಇದನ್ನು ಅಂಗಾಂಶದಲ್ಲಿ ನೀರು ತುಂಬಿಕೊಳ್ಳುವ ಒಂದು ಬೇನೆಯೆಂದೇ ಭಾವಿಸಿದ್ದರು. ಮುಂದೆ ಪ್ಯಾರಿಸ್ಸಿನ ಸೌಂದರ್ಯ ಗೃಹಗಳು ಈ ಹೆಸರನ್ನು ಕೈಗೆತ್ತಿಕೊಂಡವು. ಅಮೆರಿಕದ ಓದುಗರಿಗೆ ಇದನ್ನು ವ್ಯಾಪಕವಾಗಿ ಪರಿಚಯಿಸಿದ್ದು 'ವೋಗ್' ಪತ್ರಿಕೆಯ 1968ರ ಏಪ್ರಿಲ್ ಸಂಚಿಕೆ. 1973ರಲ್ಲಿ ನ್ಯೂಯಾರ್ಕಿನ ಸೌಂದರ್ಯತಜ್ಞೆ ನಿಕೋಲ್ ರೋನ್ಸಾರ್ ಬರೆದ ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಅಲ್ಲಿಂದಾಚೆಗೆ ಮುಲಾಮು, ಕೈಗವಸು, ಯಂತ್ರಗಳ ಮಾರುಕಟ್ಟೆ ತೆರೆದುಕೊಂಡಿತು.

ವೈದ್ಯಲೋಕದ ಮರುಮಾತು ತಡವಾಗಿ ಬಂತು. ಜರ್ಮನಿಯ ಚರ್ಮವೈದ್ಯರಾದ ನ್ಯೂರ್ನ್‌ಬರ್ಗರ್ ಮತ್ತು ಮ್ಯೂಲರ್ 1978ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯೇ ಇದನ್ನು ಕಲ್ಪಿತ ರೋಗ ಎಂದು ಕರೆಯಿತು. ಉಬ್ಬುತಗ್ಗುಗಳು ಇಲ್ಲವೆಂದು ಅವರು ಹೇಳಲಿಲ್ಲ. ಅವುಗಳ ಹಿಂದೆ ಉರಿಯೂತವಾಗಲಿ ವಿಷಸಂಗ್ರಹವಾಗಲಿ ಇಲ್ಲ, ಗಂಡು ಹೆಣ್ಣುಗಳ ಚರ್ಮದ ರಚನೆಯಲ್ಲಿನ ಸಹಜ ವ್ಯತ್ಯಾಸವೇ ಕಾರಣ ಎಂಬುದು ಅವರ ವಾದ. ಮುಂದಿನ ಅಧ್ಯಯನಗಳೆಲ್ಲ ಈ ಪ್ರಬಂಧವನ್ನು ತಿದ್ದುತ್ತಲೋ ಬೆಂಬಲಿಸುತ್ತಲೋ ಸಾಗಿವೆ.

ಹೆಸರು ಹೊಸದಾದರೂ ಸಂಗತಿ ಹಳೆಯದು. ಯುರೋಪಿನ ಚಿತ್ರಕಾರ ರೂಬೆನ್ಸ್ 1630ರ ದಶಕದಲ್ಲಿ ಬರೆದ, ಈಗ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿರುವ 'ಮೂವರು ಸೌಂದರ್ಯ ದೇವತೆಯರು' ಚಿತ್ರದಲ್ಲಿ ತೊಡೆ, ಪಿರ್ರೆಗಳ ಗುಳಿಗಳನ್ನು ಮರೆಮಾಚದೆ ತೋರಿಸಲಾಗಿದೆ. ಹಂಪಿಯ ಮಹಾನವಮಿ ದಿಬ್ಬದ ಸುತ್ತ ಬೇಟೆಗೆ ಹೊರಟ, ಕುಣಿಯುವ ಹೆಣ್ಣುಗಳ ಉಬ್ಬುಶಿಲ್ಪಗಳಿವೆ. ಆದರೆ ಅಲ್ಲಿ ಶಿಲ್ಪಿಯ ಲಕ್ಷ್ಯವೆಲ್ಲ ಭಂಗಿ ಮತ್ತು ಚಲನೆಯ ಮೇಲೆ. ಮೈಯ ಮೇಲ್ಮೈ ನುಣುಪಾಗಿಯೇ ಉಳಿದಿದೆ.

ರಚನೆ

ಚರ್ಮದಲ್ಲಿ ಮೂರು ಪದರಗಳನ್ನು ಗುರುತಿಸಬೇಕು. ಎಲ್ಲಕ್ಕಿಂತ ಮೇಲಿನದು ತೆಳುವಾದ ಹೊರಚರ್ಮ. ಅದರ ಕೆಳಗೆ ಕೊಲಾಜೆನ್ ನಾರುಗಳಿಂದ ಗಟ್ಟಿಯಾದ ಒಳಚರ್ಮ. ಅದಕ್ಕೂ ಕೆಳಗೆ ಕೊಬ್ಬಿನ ಪದರ. ಈ ಕೊಬ್ಬು ಒಂದೇ ಮುದ್ದೆಯಾಗಿರುವುದಿಲ್ಲ. ಚಿಕ್ಕ ಚಿಕ್ಕ ಹಾಲೆಗಳಾಗಿ ವಿಂಗಡವಾಗಿರುತ್ತದೆ. ಹಾಲೆಗಳ ನಡುವಿನ ಗೋಡೆಗಳೇ ನಾರುಪಟ್ಟಿಗಳು. ಇವು ಒಳಚರ್ಮದ ತಳದಿಂದ ಹೊರಟು ಸ್ನಾಯುವಿನ ಮೇಲಿನ ಪೊರೆಗೆ ಬಂದು ಅಂಟಿಕೊಳ್ಳುತ್ತವೆ.

ಹತ್ತಿ ತುಂಬಿದ ಗಾದಿಗೆ ಅಲ್ಲಲ್ಲಿ ದಪ್ಪ ದಾರದಿಂದ ಟಾಕು ಹಾಕಿದಾಗ ಟಾಕು ಬಿದ್ದಲ್ಲಿ ಗುಳಿ, ನಡುವೆ ಉಬ್ಬು ಮೂಡುವಂತೆಯೇ ಇಲ್ಲಿಯೂ ಆಗುತ್ತದೆ. ದಾರದ ಜಾಗದಲ್ಲಿ ನಾರುಪಟ್ಟಿ, ಹತ್ತಿಯ ಜಾಗದಲ್ಲಿ ಕೊಬ್ಬಿನ ಹಾಲೆ.

ಗಂಡು ಹೆಣ್ಣುಗಳ ವ್ಯತ್ಯಾಸ ಇರುವುದು ಪಟ್ಟಿಗಳ ದಿಕ್ಕಿನಲ್ಲಿ. ಹೆಣ್ಣಿನ ತೊಡೆಯಲ್ಲಿ ಬಹುಪಾಲು ಪಟ್ಟಿಗಳು ಚರ್ಮಕ್ಕೆ ಲಂಬವಾಗಿ ನಿಲ್ಲುತ್ತವೆ. ಹೀಗಾಗಿ ಅವುಗಳ ನಡುವಿನ ಹಾಲೆಗಳು ದೊಡ್ಡವು, ನೆಟ್ಟಗಿನವು. ಕೊಬ್ಬು ಹಿಗ್ಗಿದರೆ ಅದಕ್ಕೆ ಮೇಲಕ್ಕೆ ಒತ್ತುವುದೊಂದೇ ದಾರಿ. ಗಂಡಿನಲ್ಲಿ ಪಟ್ಟಿಗಳು ಹೆಚ್ಚಾಗಿ ಓರೆಯಾಗಿ ಒಂದನ್ನೊಂದು ಹಾಯುತ್ತವೆ, ಹಾಲೆಗಳು ಚಿಕ್ಕವು, ಒಳಚರ್ಮ ದಪ್ಪ. ಒತ್ತಡ ಪಕ್ಕಕ್ಕೆ ಹಂಚಿಹೋಗುತ್ತದೆ. 2002ರಲ್ಲಿ ಫ್ರಾನ್ಸಿನಲ್ಲಿ ನಡೆದ ಎಂಆರ್‌ಐ ಅಧ್ಯಯನವು ಈ ಚಿತ್ರವನ್ನು ಸ್ವಲ್ಪ ತಿದ್ದಿತು: ಎರಡೂ ಬಗೆಯ ಪಟ್ಟಿಗಳು ಇಬ್ಬರಲ್ಲೂ ಇವೆ, ಆದರೆ ಸೆಲ್ಯುಲೈಟ್ ಇರುವ ಹೆಂಗಸರಲ್ಲಿ ಲಂಬ ಪಟ್ಟಿಗಳ ಪಾಲು ಹೆಚ್ಚು. ಬ್ರೆಜಿಲ್‌ನ ಚರ್ಮವೈದ್ಯೆ ಡೋರಿಸ್ ಹೆಕ್ಸೆಲ್ ಮತ್ತು ಸಂಗಡಿಗರು 2009ರಲ್ಲಿ 30 ಹೆಂಗಸರ ಮೇಲೆ ಅದೇ ವಿಧಾನವನ್ನು ಬಳಸಿದಾಗ, ಚರ್ಮದ ಮೇಲೆ ಕಾಣುವ ಗುಳಿಗಳಲ್ಲಿ ಶೇ 96.7ರ ಕೆಳಗೆ ನಾರುಪಟ್ಟಿ ಸಿಕ್ಕಿತು. ಪಕ್ಕದ ನುಣುಪಾದ ಜಾಗದಲ್ಲಿ ಅಂಥ ಪಟ್ಟಿಗಳು ಅಷ್ಟಾಗಿ ಇರಲಿಲ್ಲ.

ಕಾರಣಗಳು

ಒಂದೇ ಕಾರಣವನ್ನು ಬೊಟ್ಟುಮಾಡಿ ತೋರಿಸುವಂತಿಲ್ಲ. ರಚನೆ ತಳಹದಿ. ಅದರ ಮೇಲೆ ಹಾರ್ಮೋನು, ವಂಶ, ವಯಸ್ಸು ಮತ್ತು ಕೊಬ್ಬಿನ ಪ್ರಮಾಣ ಕೆಲಸ ಮಾಡುತ್ತವೆ.

ಹಾರ್ಮೋನುಗಳಲ್ಲಿ ಮುಖ್ಯವಾದುದು ಈಸ್ಟ್ರೊಜೆನ್. ಹುಡುಗಿ ಮೈನೆರೆಯುವ ಮೊದಲು ಸೆಲ್ಯುಲೈಟ್ ಬಹುಮಟ್ಟಿಗೆ ಇರುವುದಿಲ್ಲ. ನೆರೆದ ಬಳಿಕ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರತೊಡಗಿದಂತೆ ಕಾಣಿಸಿಕೊಳ್ಳುತ್ತದೆ. ಬಸಿರಿನಲ್ಲಿ ಹೆಚ್ಚುವುದೂ ಉಂಟು. ತೊಡೆಯ ಕೊಬ್ಬಿನ ಕೋಶಗಳಲ್ಲಿ ಕೊಬ್ಬು ಕರಗುವುದನ್ನು ತಡೆಯುವ ಆಲ್ಫಾ-2 ಗ್ರಾಹಕಗಳು ಹೊಟ್ಟೆಯ ಕೋಶಗಳಲ್ಲಿರುವುದಕ್ಕಿಂತ ಹೆಚ್ಚು ಪ್ರಬಲ. ಊಟ ಕಡಿಮೆ ಮಾಡಿದಾಗ ಮುಖ, ಎದೆ ಬೇಗ ಇಳಿದು ತೊಡೆ ಮಾತ್ರ ತಡವಾಗಿ ಇಳಿಯುವುದಕ್ಕೆ ಇದೂ ಒಂದು ಕಾರಣ. ಹಾರ್ಮೋನಿನ ಪಾತ್ರಕ್ಕೆ ಬಲವಾದ ಪುರಾವೆ ಗಂಡಸರಿಂದಲೇ ಬರುತ್ತದೆ. ಕ್ಲೈನ್‌ಫೆಲ್ಟರ್ ಲಕ್ಷಣಕೂಟದಂತೆ ಗಂಡುಹಾರ್ಮೋನಿನ ಕೊರತೆ ಇರುವವರಲ್ಲಿ ಮತ್ತು ಪ್ರಾಸ್ಟೇಟ್ ಕ್ಯಾನ್ಸರಿಗೆ ಈಸ್ಟ್ರೊಜೆನ್ ಚಿಕಿತ್ಸೆ ಪಡೆದವರಲ್ಲಿ ಸೆಲ್ಯುಲೈಟ್ ಮೂಡಿದ ಉದಾಹರಣೆಗಳು ದಾಖಲಾಗಿವೆ.

ವಂಶದ ಪ್ರಭಾವವನ್ನು ತಿಳಿಯಲು 2010ರಲ್ಲಿ ಸೆಲ್ಯುಲೈಟ್ ಇರುವ 200 ತೆಳ್ಳಗಿನ ಹೆಂಗಸರನ್ನೂ ಅಷ್ಟೇ ಮೈತೂಕದ, ಸೆಲ್ಯುಲೈಟ್ ಇಲ್ಲದ 200 ಮಂದಿಯನ್ನೂ ಹೋಲಿಸಿ ಅಧ್ಯಯನವೊಂದು ನಡೆಯಿತು. ಎಸಿಇ ಮತ್ತು ಎಚ್‌ಐಎಫ್1ಎ ಎಂಬ ಎರಡು ಜೀನ್‌ಗಳ ರೂಪಭೇದಗಳಿಗೂ ಸೆಲ್ಯುಲೈಟಿಗೂ ನಂಟು ಕಂಡಿತು.

ವಯಸ್ಸಿನೊಂದಿಗೆ ಒಳಚರ್ಮ ತೆಳುವಾಗುತ್ತದೆ. ಮುಟ್ಟು ನಿಂತ ಮೊದಲ 5 ವರ್ಷಗಳಲ್ಲೇ ಚರ್ಮದ ಕೊಲಾಜೆನ್ ಸುಮಾರು ಶೇ 30ರಷ್ಟು ಕುಗ್ಗುತ್ತದೆ. ಕೊಬ್ಬು ಹೆಚ್ಚದಿದ್ದರೂ ಹೊದಿಕೆ ಸಡಿಲವಾದುದರಿಂದ ಗುಳಿಗಳು ಎದ್ದುಕಾಣುತ್ತವೆ.

ತೂಕದ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ತೂಕ ಏರಿದರೆ ಹಾಲೆಗಳು ಹಿಗ್ಗಿ ಉಬ್ಬು ಹೆಚ್ಚುತ್ತದೆ, ನಿಜ. ಆದರೆ ಸೆಲ್ಯುಲೈಟ್ ಬೊಜ್ಜಿನ ಇನ್ನೊಂದು ಹೆಸರಲ್ಲ. ತೆಳ್ಳಗಿನ ಮೈಯವರಲ್ಲೂ, ನಿತ್ಯ ವ್ಯಾಯಾಮ ಮಾಡುವ ಕ್ರೀಡಾಪಟುಗಳಲ್ಲೂ ಇದು ಇದೆ. ತೂಕ ಇಳಿಸಿಕೊಂಡವರ ಮೇಲೆ ನಡೆದ ಅಧ್ಯಯನದಲ್ಲಿ ಬಹುಪಾಲು ಜನರಿಗೆ ಕಡಿಮೆಯಾದರೆ, ಚರ್ಮ ಜೋಲುಬಿದ್ದ ಕೆಲವರಿಗೆ ಹೆಚ್ಚಾಯಿತು.

ರಕ್ತಸಂಚಾರದ ಮಾಂದ್ಯ, ಧೂಮಪಾನ, ಬಿಗಿಯುಡುಪು, ಸಕ್ಕರೆ, 'ಮೈಯಲ್ಲಿ ಸೇರಿದ ವಿಷ' ಇವೆಲ್ಲ ಕಾರಣಗಳ ಪಟ್ಟಿಯಲ್ಲಿ ಆಗಾಗ ಬರುತ್ತವೆ. ಮೊದಲಿನ ಎರಡಕ್ಕೆ ಒಂದಿಷ್ಟು ವೈದ್ಯಕೀಯ ಚರ್ಚೆಯಾದರೂ ಇದೆ. ವಿಷಸಂಗ್ರಹಕ್ಕೆ ಆಧಾರವೇ ಇಲ್ಲ. ಹಳೆಯ ಸೌಂದರ್ಯ ಗೃಹಗಳ ಆ ಮಾತು ಮಾತ್ರ ಜಾಹೀರಾತುಗಳಲ್ಲಿ ಇನ್ನೂ ಜೀವಂತ.

ಯಾರಲ್ಲಿ ಹೆಚ್ಚು

ಹೆಣ್ಣಾಗಿರುವುದು, ಮೈನೆರೆದಿರುವುದು: ಈ ಎರಡೇ ಎಲ್ಲಕ್ಕಿಂತ ದೊಡ್ಡ ನಿರ್ಧಾರಕಗಳು. ತಾಯಿ, ಅಕ್ಕತಂಗಿಯರಲ್ಲಿದ್ದರೆ ಬರುವ ಸಾಧ್ಯತೆ ಹೆಚ್ಚು. ಬಿಳಿಯ ಜನಾಂಗದ ಹೆಂಗಸರಲ್ಲಿ ಏಷ್ಯಾದವರಿಗಿಂತ ಹೆಚ್ಚೆಂದು ವೈದ್ಯಸಾಹಿತ್ಯ ಹೇಳುತ್ತದೆ. ಕೊಬ್ಬು ದೇಹದ ಯಾವ ಭಾಗದಲ್ಲಿ ಸೇರುತ್ತದೆ ಎಂಬುದು ಜನಾಂಗದಿಂದ ಜನಾಂಗಕ್ಕೆ ಬೇರೆಯಾಗುವುದು ಇದಕ್ಕೆ ಒಂದು ವಿವರಣೆ.

ಕೊಬ್ಬಿನ ಈ ಹಂಚಿಕೆಯ ಬಗ್ಗೆ ಕರ್ನಾಟಕದಿಂದಲೇ ಮಹತ್ವದ ಮಾಹಿತಿ ದೊರೆತಿದೆ. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆ ಎಂದೇ ಹೆಸರಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕದ ದಾಖಲೆಗಳಿದ್ದವು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು 'ಮೈಸೂರು ಪಾರ್ಥೆನಾನ್ ಅಧ್ಯಯನ' ಆರಂಭವಾಯಿತು. ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು ಇದರಲ್ಲಿ ಜೊತೆಗೂಡಿದ್ದರು. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಮೈಸೂರಿನ ಶಿಶುಗಳು ತೂಕದಲ್ಲಿ ಇಂಗ್ಲೆಂಡಿನ ಶಿಶುಗಳಿಗಿಂತ ಬಹಳ ಕಡಿಮೆಯಿದ್ದರೂ ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟಾಗಿ ಹಿಂದೆ ಬಿದ್ದಿರಲಿಲ್ಲ. ನಾಲ್ಕನೆಯ ವಯಸ್ಸಿಗೆ ಅದೇ ಜಾಗದ ಕೊಬ್ಬು ಇಂಗ್ಲೆಂಡಿನ ಮಕ್ಕಳಿಗಿಂತ ಹೆಚ್ಚೇ ಇತ್ತು. ಮೈ ಸಣ್ಣ, ಕೊಬ್ಬು ಮುಂಡದಲ್ಲಿ: ದಕ್ಷಿಣ ಭಾರತೀಯರ ದೇಹದ ಈ ವಿನ್ಯಾಸ ಹುಟ್ಟಿನಿಂದಲೇ ಶುರುವಾಗುತ್ತದೆ. ತೊಡೆಯ ಕೊಬ್ಬಿಗಿಂತ ಹೊಟ್ಟೆಯ ಕೊಬ್ಬು ಇಲ್ಲಿನ ವೈದ್ಯರ ಚಿಂತೆಯಾಗಿರುವುದು ಇದೇ ಕಾರಣಕ್ಕೆ.

ಮೈದುಡಿತ ಮಾಡುವವರಿಗೆ ಇದು ಬರುವುದಿಲ್ಲ ಎಂಬ ನಂಬಿಕೆಗೂ ಆಧಾರವಿಲ್ಲ. ಕಂಪ್ಲಿಯ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ಭತ್ತ ನಾಟಿ ಮಾಡುವವರಿರಲಿ, ಹೊಸಪೇಟೆಯಲ್ಲಿ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿರಲಿ, ಚರ್ಮದಡಿಯ ನಾರುಪಟ್ಟಿಗಳ ದಿಕ್ಕು ಕೆಲಸದಿಂದ ಬದಲಾಗುವುದಿಲ್ಲ. ದುಡಿಮೆಯಿಂದ ಸ್ನಾಯು ಬಿಗಿಯಾಗಿ, ಕೊಬ್ಬು ಕಡಿಮೆಯಾಗಿ ಉಬ್ಬು ಮರೆಯಾಗಬಹುದು. ಪಟ್ಟಿಗಳು ಮಾತ್ರ ಇದ್ದಲ್ಲೇ ಇರುತ್ತವೆ.

ತೊಡೆಯ ಕೊಬ್ಬಿನ ಉಪಯೋಗ

ಸೆಲ್ಯುಲೈಟ್ ಕಾಣುವ ಜಾಗದ ಕೊಬ್ಬು ನಿರುಪಯುಕ್ತವಲ್ಲ. ಬಸಿರು ಮತ್ತು ಹಾಲೂಡಿಸುವ ಕಾಲಕ್ಕೆ ಹೆಣ್ಣಿನ ದೇಹ ಕೂಡಿಟ್ಟುಕೊಳ್ಳುವ ಉಗ್ರಾಣ ಅದು. ಬೇರೆ ಸಮಯದಲ್ಲಿ ಕರಗಲು ಹಟ ಹಿಡಿಯುವ ತೊಡೆಯ ಕೊಬ್ಬು, ಬಾಣಂತಿ ಹಾಲೂಡಿಸುವ ತಿಂಗಳುಗಳಲ್ಲಿ ಹೆಚ್ಚು ಸುಲಭವಾಗಿ ಬಿಡುಗಡೆಯಾಗುತ್ತದೆ. ಶಿಶುವಿನ ಮೆದುಳಿನ ಬೆಳವಣಿಗೆಗೆ ಬೇಕಾದ ಮೇದಾಮ್ಲಗಳೂ ಅದರಲ್ಲಿವೆ.

ಆರೋಗ್ಯದ ಲೆಕ್ಕದಲ್ಲಿ ಸೊಂಟದ ಕೆಳಗಿನ ಕೊಬ್ಬು ಹೊಟ್ಟೆಯ ಕೊಬ್ಬಿಗೆ ತದ್ವಿರುದ್ಧ. ಹೊಟ್ಟೆಯೊಳಗಿನ ಕೊಬ್ಬು ಮಧುಮೇಹ, ಹೃದ್ರೋಗಗಳ ಅಪಾಯ ಹೆಚ್ಚಿಸಿದರೆ, ತೊಡೆ ಮತ್ತು ಪಿರ್ರೆಯ ಕೊಬ್ಬು ಮೇದಾಮ್ಲಗಳನ್ನು ಹಿಡಿದಿಟ್ಟುಕೊಂಡು ಆ ಅಪಾಯವನ್ನು ತಗ್ಗಿಸುತ್ತದೆ. ಕರ್ನಾಟಕದಲ್ಲಿ 15–49 ವಯಸ್ಸಿನ ಹೆಂಗಸರಲ್ಲಿ ಹೆಚ್ಚು ತೂಕ ಅಥವಾ ಬೊಜ್ಜು ಇರುವವರ ಪ್ರಮಾಣ ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 23.3 ಇದ್ದದ್ದು ಐದನೆಯದರಲ್ಲಿ ಶೇ 30.1ಕ್ಕೆ ಏರಿತು. ಭಾರತೀಯ ಹೆಂಗಸರಿಗೆ ವೈದ್ಯರು ಹೇಳುವ ಎಚ್ಚರಿಕೆಯ ಗೆರೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್, ಗಂಡಸರಿಗೆ 90. ತೊಡೆಯ ಗುಳಿಗಳಿಗೆ ಇಂಥ ಗೆರೆಯೇ ಇಲ್ಲ.

ಬಗೆಗಳು ಮತ್ತು ಮಟ್ಟಗಳು

ನ್ಯೂರ್ನ್‌ಬರ್ಗರ್–ಮ್ಯೂಲರ್ ಅಳತೆಗೋಲು ನಾಲ್ಕು ಮಟ್ಟಗಳನ್ನು ಹೇಳುತ್ತದೆ. ಸೊನ್ನೆಯ ಮಟ್ಟದಲ್ಲಿ ಚರ್ಮವನ್ನು ಚಿವುಟಿ ಹಿಡಿದರೂ ಗುಳಿ ಕಾಣದು. ಒಂದನೆಯದರಲ್ಲಿ ಚಿವುಟಿದಾಗ ಮಾತ್ರ ಕಾಣುತ್ತದೆ. ಎರಡನೆಯದರಲ್ಲಿ ನಿಂತಾಗ ತಾನಾಗಿ ಕಂಡು ಮಲಗಿದಾಗ ಮಾಯವಾಗುತ್ತದೆ. ಮೂರನೆಯದರಲ್ಲಿ ನಿಂತರೂ ಮಲಗಿದರೂ ಇರುತ್ತದೆ. ಹೆಕ್ಸೆಲ್ 2009ರಲ್ಲಿ ಗುಳಿಗಳ ಸಂಖ್ಯೆ, ಆಳ, ಉಬ್ಬಿನ ಸ್ವರೂಪ, ಚರ್ಮದ ಸಡಿಲತೆಗಳನ್ನೂ ಸೇರಿಸಿ 15 ಅಂಕಗಳ ಅಳತೆಯನ್ನು ರೂಪಿಸಿದರು. ಚಿಕಿತ್ಸೆಗಳ ಪರೀಕ್ಷೆಯಲ್ಲಿ ಇದರ ಬಳಕೆಯಿದೆ.

ಮುಟ್ಟಿದಾಗಿನ ಗುಣವನ್ನು ನೋಡಿ ಗಟ್ಟಿ, ಸಡಿಲ ಮತ್ತು ನೀರೂತದ ಬಗೆಗಳೆಂದು ವಿಂಗಡಿಸುವ ಕ್ರಮವೂ ಇದೆ. ಗಟ್ಟಿ ಬಗೆ ಎಳೆಯ ವಯಸ್ಸಿನವರಲ್ಲಿ, ಸಡಿಲ ಬಗೆ ತೂಕ ಇಳಿದವರಲ್ಲಿ ಮತ್ತು ವಯಸ್ಸಾದವರಲ್ಲಿ ಹೆಚ್ಚು.

ಹೋಲುವ ಸ್ಥಿತಿಗಳು

ಹೆಸರಿನ ಹೋಲಿಕೆಯಿಂದ ಅಪಾಯಕಾರಿ ಗೊಂದಲಕ್ಕೆ ಎಡೆಮಾಡುವುದು ಸೆಲ್ಯುಲೈಟಿಸ್. ಇದು ಬ್ಯಾಕ್ಟೀರಿಯಾ ಸೋಂಕು. ಸ್ಟ್ರೆಪ್ಟೊಕಾಕಸ್, ಸ್ಟ್ಯಾಫಿಲೊಕಾಕಸ್ ಗುಂಪಿನ ಜೀವಾಣುಗಳು ಗಾಯ, ಬಿರುಕುಗಳ ಮೂಲಕ ಒಳನುಗ್ಗಿದಾಗ ಕಾಲು ಕೆಂಪೇರಿ, ಬಿಸಿಯಾಗಿ, ಬಾತುಕೊಂಡು ನೋಯುತ್ತದೆ, ಜ್ವರ ಬರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರ ಕಾಲ್ಬೆರಳ ಸಂದಿಯ ಕೆಸರುಹುಣ್ಣು, ಮುಳ್ಳು ಚುಚ್ಚಿದ ಗಾಯ, ಸಕ್ಕರೆ ಕಾಯಿಲೆಯವರ ಹಿಮ್ಮಡಿಯ ಬಿರುಕು ಇದಕ್ಕೆ ಬಾಗಿಲು. ಪ್ರತಿಜೀವಕ ಔಷಧ ತಡವಾದರೆ ಜೀವಕ್ಕೇ ಕುತ್ತು. ಗಾದಿಗನೂರು, ಸಂಡೂರು ಕಡೆಯವರಿಗೆ ದೊಡ್ಡ ಸರ್ಕಾರಿ ಆಸ್ಪತ್ರೆಯೆಂದರೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ, ಅಂದರೆ ಹಿಂದಿನ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ (ವಿಮ್ಸ್). ಅಂಥ ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ವಾರ್ಡುಗಳಿಗೆ ಪರಿಚಿತವಾದದ್ದು ಈ ಸೋಂಕೇ ಹೊರತು ಸೆಲ್ಯುಲೈಟ್ ಅಲ್ಲ.

ಆನೆಕಾಲು ರೋಗದಲ್ಲಿ ದುಗ್ಧನಾಳಗಳು ಕಟ್ಟಿ ಕಾಲು ಶಾಶ್ವತವಾಗಿ ಊದುತ್ತದೆ. ಸೊಳ್ಳೆ ಹರಡುವ ಈ ರೋಗ ಕಲಬುರಗಿ, ಯಾದಗಿರಿ, ಬೀದರ, ರಾಯಚೂರು, ವಿಜಯಪುರ, ಬಾಗಲಕೋಟೆ ಮತ್ತು ಕರಾವಳಿ ಜಿಲ್ಲೆಗಳಲ್ಲಿ ಬೇರೂರಿದೆ. 1940ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ಮೊದಲು ವಿವರಿಸಿದ ಲಿಪಿಡೀಮಾದಲ್ಲಿ ಎರಡೂ ಕಾಲುಗಳಲ್ಲಿ ಸಮನಾಗಿ ಕೊಬ್ಬು ಬೆಳೆದು ಮುಟ್ಟಿದರೆ ನೋಯುತ್ತದೆ, ಪಾದ ಮಾತ್ರ ಮಾಮೂಲಾಗಿರುತ್ತದೆ. ಬಸಿರ ಗೆರೆಗಳು ಒಳಚರ್ಮ ಹರಿದ ಕಲೆಗಳು. ಸ್ತನದ ಮೇಲೆ ಹೊಸದಾಗಿ ಗುಳಿಗುಳಿಯಾದ ಚರ್ಮ ಕಂಡರೆ ಅದನ್ನು ಸೆಲ್ಯುಲೈಟ್ ಎಂದು ಬಿಡಬಾರದು. ವೈದ್ಯರು ಕಿತ್ತಳೆ ಸಿಪ್ಪೆಯ ಚರ್ಮ ಎಂದು ಕರೆಯುವ ಆ ಲಕ್ಷಣ ಸ್ತನ ಕ್ಯಾನ್ಸರಿನದಾಗಿರಬಹುದು, ತಕ್ಷಣ ತಪಾಸಣೆ ಬೇಕು.

ಚಿಕಿತ್ಸೆಗಳು

ಪೂರ್ತಿ ಹೋಗಲಾಡಿಸುವ ಚಿಕಿತ್ಸೆ ಇಲ್ಲ. ಕಡಿಮೆ ಮಾಡುವ ವಿಧಾನಗಳಲ್ಲಿ ನಾರುಪಟ್ಟಿಯನ್ನೇ ಕತ್ತರಿಸುವವು ಹೆಚ್ಚು ಫಲಕಾರಿ, ರಚನೆಯನ್ನು ನೋಡಿದರೆ ಅದು ಸಹಜವೇ. ಚರ್ಮದಡಿ ಸೂಜಿ ತೂರಿಸಿ ಪಟ್ಟಿ ಕತ್ತರಿಸುವ ಸಬ್‌ಸಿಷನ್ ವಿಧಾನವನ್ನು ಸೆಲ್ಯುಲೈಟಿಗೆ ಬಳಸಿ ಹೆಕ್ಸೆಲ್ ಮತ್ತು ಮಾಟ್ಸುಕೊ 2000ದಲ್ಲಿ ವರದಿ ಮಾಡಿದರು. ಇದೇ ತತ್ತ್ವದ 'ಸೆಲ್ಫಿನಾ' ಉಪಕರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಒಪ್ಪಿಗೆ ಕೊಟ್ಟಿತು.

ಮುಲಾಮುಗಳಲ್ಲಿ ಕೆಫೀನ್ ಮತ್ತು ರೆಟಿನಾಲ್ ಬಳಕೆ ಸಾಮಾನ್ಯ. ರೆಟಿನಾಲ್ ತಿಂಗಳುಗಟ್ಟಲೆ ಹಚ್ಚಿದರೆ ಒಳಚರ್ಮ ತುಸು ದಪ್ಪವಾಗುತ್ತದೆ, ಕೆಫೀನಿನ ಪರಿಣಾಮ ಅಲ್ಪ, ತಾತ್ಕಾಲಿಕ. ಬಸುರಿಯರು ರೆಟಿನಾಲ್ ಹಚ್ಚಬಾರದು. ಚರ್ಮವನ್ನು ಹೀರಿ ಉರುಳಿಸುವ ಯಂತ್ರದ ಮಾಲೀಸು ಫ್ರಾನ್ಸಿನಲ್ಲಿ ಹುಟ್ಟಿತು. ಅದರ ಫಲವೂ ಮಾಲೀಸು ನಿಲ್ಲಿಸಿದ ಮೇಲೆ ಉಳಿಯದು. ಕೊಬ್ಬು ಹೀರುವ ಲೈಪೊಸಕ್ಷನ್ ಇದಕ್ಕೆ ಹೇಳಿದ್ದಲ್ಲ. ಮೇಲ್ಪದರದ ಕೊಬ್ಬು ತೆಗೆದರೆ ಗುಳಿಗಳು ಇನ್ನಷ್ಟು ಎದ್ದುಕಾಣಬಹುದು. ಬಾಣಂತಿಯ ಮೈಗೆ ಎಣ್ಣೆ ತಿಕ್ಕುವ ರೂಢಿ, ಆಯುರ್ವೇದದ ಪುಡಿ ತಿಕ್ಕುವ ಉದ್ವರ್ತನ ಚರ್ಮವನ್ನು ಮೃದುಗೊಳಿಸುತ್ತವೆ, ಮೈಗೆ ಹಿತ ಕೊಡುತ್ತವೆ. ನಾರುಪಟ್ಟಿಯನ್ನು ಅವು ತಲುಪುವುದಿಲ್ಲ.

ಇಂದಿನ ಸ್ಥಿತಿ

ಸೀರೆ, ಲಂಗ, ಚೂಡಿದಾರಗಳು ತೊಡೆಯನ್ನು ಮುಚ್ಚುವ ಹೊಸಪೇಟೆ–ಕಂಪ್ಲಿ ಸೀಮೆಯಲ್ಲಿ ಸೆಲ್ಯುಲೈಟ್ ಬಹುಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಮೊಬೈಲ್ ಜಾಹೀರಾತು ಮತ್ತು ಸೌಂದರ್ಯ ವಿಡಿಯೊಗಳ ಮೂಲಕ ಹೆಸರು ಈಗ ಊರೂರಿಗೆ ತಲುಪುತ್ತಿದೆ. ಅದರ ಬೆನ್ನಿಗೇ ಮುಲಾಮುಗಳೂ ಬರುತ್ತಿವೆ. ಭಾರತದಲ್ಲಿ ಇಂಥ ಮುಲಾಮುಗಳು ಪ್ರಸಾಧನ ಸಾಮಗ್ರಿಗಳಾಗಿ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯಿದೆಯಡಿ ಬರುತ್ತವೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆಯ ಅನುಸೂಚಿಯಲ್ಲಿ ಬೊಜ್ಜು ಇದೆ. ಇಂಥ ಮುಲಾಮು ಅದನ್ನು ಗುಣಪಡಿಸುತ್ತದೆ ಎಂದು ಜಾಹೀರಾತು ಕೊಡುವುದು ಅಪರಾಧ.

ಹೊರದೇಶಗಳಲ್ಲಿ ಔಷಧದ ಹುಡುಕಾಟ ಒಂದು ಸುತ್ತು ಮುಗಿಸಿದೆ. ಕೊಲಾಜೆನ್ ಕರಗಿಸುವ ಕಿಣ್ವವನ್ನು ನಾರುಪಟ್ಟಿಗೆ ಚುಚ್ಚುವ 'ಕ್ಯೂವೊ' ಎಂಬ ಔಷಧಕ್ಕೆ 2020ರ ಜುಲೈನಲ್ಲಿ ಅಮೆರಿಕ ಅನುಮತಿ ನೀಡಿತು. ಪಿರ್ರೆಯ ಸೆಲ್ಯುಲೈಟಿಗೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಚುಚ್ಚುಮದ್ದು ಇದು. ಚುಚ್ಚಿದ ಜಾಗದಲ್ಲಿ ದೊಡ್ಡ ರಕ್ತಗಂದುಗಳು ಮೂಡಿ ಚರ್ಮದ ಬಣ್ಣ ಬಹುಕಾಲ ಕಂದಿದ ದೂರುಗಳು ಹೆಚ್ಚಿದವು. 2022ರ ಡಿಸೆಂಬರಿನಲ್ಲಿ ತಯಾರಕ ಕಂಪನಿ ಎಂಡೊ ಅದರ ಉತ್ಪಾದನೆ ನಿಲ್ಲಿಸುವುದಾಗಿ ಘೋಷಿಸಿತು.